ಕಲಿತ ಇಂಗ್ಲಿಷಿಗೆ ಅರ್ಧ ಸಂಬಳ

ಏಳು ತಿಂಗಳ ಕಾಲ ನಾನು ಇಂಗ್ಲೆಂಡಿನವಳಾಗಿದ್ದೆ.

ಇಂಗ್ಲೆಂಡನ್ನು ನಾನು ಕಣ್ಣಿನಿಂದ ಕಂಡವಳಲ್ಲ. ಹುಟ್ಟಿದ್ದು ಪುತ್ತೂರು ತಾಲೂಕಿನ ಒಂದು ಅಡಿಕೆ ತೋಟದ ಮನೆಯಲ್ಲಿ. ಓದಿದ್ದು ಕನ್ನಡ ಶಾಲೆಯಲ್ಲಿ. ಎಬಿಸಿಡಿಯ ಮುಖ ನೋಡಿದ್ದು ಐದನೆಯ ಕ್ಲಾಸಿಗೆ ಬಂದ ಮೇಲೆ. ಆದರೂ 2003ರ ನವೆಂಬರಿನಿಂದ 2004ರ ಜೂನ್ ತನಕ ಬ್ಯಾಂಕಾಕಿನ ಒಂದು ಖಾಸಗಿ ಶಾಲೆಯ ನಾಲ್ಕನೆಯ ತರಗತಿಯ ಮಕ್ಕಳು ನಾನು ಇಂಗ್ಲೆಂಡಿನಿಂದ ಬಂದವಳೆಂದೇ ತಿಳಿದಿದ್ದರು. ಹಾಗೆ ಹೇಳಿದವಳು ನಾನೇ. ಈ ಬರಹ ಆ ಸುಳ್ಳಿನ ಬಗ್ಗೆ. ಆ ಸುಳ್ಳನ್ನು ಹೇಳಿಸುವ ವ್ಯವಸ್ಥೆಯ ಬಗ್ಗೆ. ಮತ್ತು ಕೊನೆಗೆ ನಮ್ಮ ನಿಮ್ಮ ಮನೆಗಳ ಬಗ್ಗೆ.

ನನ್ನವರಿಗೆ ಬ್ಯಾಂಕಾಕಿನ ಒಂದು ನೂಲಿನ ಕಾರ್ಖಾನೆಯಲ್ಲಿ ಕೆಲಸವಾಯಿತು. ನಾನು ಊರಿನ ಮಹಿಳಾ ಕಾಲೇಜೊಂದರಲ್ಲಿ ಒಂಬತ್ತು ವರ್ಷ 'ತಾತ್ಕಾಲಿಕ' ಉಪನ್ಯಾಸಕಿಯಾಗಿ ಇಂಗ್ಲಿಷ್ ಪಾಠ ಮಾಡಿ, ಆ ತಾತ್ಕಾಲಿಕವೇ ಶಾಶ್ವತವಾಗುವ ಲಕ್ಷಣ ಕಂಡು ಬೇಸತ್ತಿದ್ದೆ. ಗಂಡನ ಹಿಂದೆ ಹೋದೆ. ಹೋದ ಮೇಲೆ ಮನೆಯಲ್ಲಿ ಕುಳಿತು ಏನು ಮಾಡುವುದು? ಪರದೇಶಕ್ಕೆ ಹೋದ ನಮ್ಮ ಹೆಂಗಸರಿಗೆ ಮೊದಲು ನೆನಪಾಗುವ ಕೆಲಸವೇ ಪಾಠ ಹೇಳುವುದು. ಅಲ್ಲಿನ ಶಾಲೆಗಳಿಗೆ ಇಂಗ್ಲಿಷ್ ಟೀಚರುಗಳು ಎಷ್ಟಿದ್ದರೂ ಸಾಲದು. ಎಂ.ಎ. ಸರ್ಟಿಫಿಕೇಟು, ಒಂಬತ್ತು ವರ್ಷದ ಅನುಭವದ ಪತ್ರ ಹಿಡಿದುಕೊಂಡು ಹೋದೆ.

ಅಲ್ಲಿಯ ಮೇಲ್ವಿಚಾರಕಿ ಒಳ್ಳೆಯ ಹೆಂಗಸು. ಚಹಾ ಕೊಟ್ಟು, ಸರ್ಟಿಫಿಕೇಟು ನೋಡಿ ಸಂತೋಷಪಟ್ಟರು. ಆಮೇಲೆ ನನ್ನ ಮುಖ ನೋಡಿ ಸಂಕೋಚದಿಂದ ಹೇಳಿದರು: "ನಮ್ಮ ಪೋಷಕರಿಗೆ ನೇಟಿವ್ ಸ್ಪೀಕರ್ ಬೇಕು, ಟೀಚರ್. ನೀವು ಇಂಗ್ಲೆಂಡಿನವರೆಂದು ಹೇಳಿ. ಇಂಗ್ಲೆಂಡಿನಲ್ಲಿ ಇಂಡಿಯಾದವರು ತುಂಬ ಇದ್ದಾರಲ್ಲ, ಯಾರಿಗೂ ಸಂಶಯ ಬರುವುದಿಲ್ಲ."

ಸಂಬಳ ಮಾತ್ರ ಇಂಡಿಯಾದ್ದೇ! ತಿಂಗಳಿಗೆ 18,000 ಬಾತ್. ನನ್ನ ಪಕ್ಕದ ತರಗತಿಗೆ ಬರುತ್ತಿದ್ದ ಇಂಗ್ಲೆಂಡಿನ ಹುಡುಗನಿಗೆ 36,000. ಅವನು ಬೆನ್ನಿಗೆ ಚೀಲ ಹಾಕಿಕೊಂಡು ಲೋಕ ಸುತ್ತಲು ಹೊರಟು, ಕೈಯಲ್ಲಿ ದುಡ್ಡು ಮುಗಿದಾಗ ಬ್ಯಾಂಕಾಕಿನಲ್ಲಿ ನಿಂತವನು. ಓದಿದ್ದು ಬೇರೇನನ್ನೋ, ಪಾಠ ಮಾಡುವುದನ್ನು ಯಾರೂ ಅವನಿಗೆ ಕಲಿಸಿರಲಿಲ್ಲ. ನನಗೆ ಇಂಗ್ಲಿಷ್ ಪರೀಕ್ಷೆ ಬರೆಯಲು ಹೇಳಿದರು, ಅವನಿಗೆ ಹೇಳಲಿಲ್ಲ. ಹುಡುಗ ಕೆಟ್ಟವನಲ್ಲ. ಎಷ್ಟೋ ಸಲ ಸ್ಟಾಫ್ ರೂಮಿನಲ್ಲಿ ನನ್ನ ಹತ್ತಿರ ಪುಸ್ತಕ ತಂದು, "ಇಲ್ಲಿ 'ಹ್ಯಾವ್ ಬೀನ್' ಯಾಕೆ ಬಂತು ಎಂದು ಮಕ್ಕಳು ಕೇಳುತ್ತಾರೆ, ನಾನು ಏನು ಹೇಳಲಿ?" ಎಂದು ಕೇಳುತ್ತಿದ್ದ. ನಾನು ಹೇಳಿಕೊಡುತ್ತಿದ್ದೆ. ಅವನು ಹೋಗಿ ಮಕ್ಕಳಿಗೆ ಹೇಳುತ್ತಿದ್ದ. ತಿಂಗಳ ಕೊನೆಗೆ ಅವನಿಗೆ ನನ್ನ ಎರಡರಷ್ಟು ಸಂಬಳ.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಇರುವುದು ಆ ಎರಡು ಅಂಕಿಗಳ ಮೇಲೆ. ಒಂದೇ ಕೆಲಸ, ಒಂದೇ ಪುಸ್ತಕ, ಒಂದೇ ಗಂಟೆ. ವ್ಯತ್ಯಾಸ ಪಾಸ್‌ಪೋರ್ಟಿನ ಬಣ್ಣದ್ದು, ಅದರ ಹಿಂದೆ ಚರ್ಮದ ಬಣ್ಣದ್ದು. ಹುಟ್ಟಿನಿಂದ ಕೆಲಸ, ಹುಟ್ಟಿನಿಂದ ಕೂಲಿ, ಹುಟ್ಟಿನಿಂದ ಮರ್ಯಾದೆ ಗೊತ್ತಾಗುವುದಕ್ಕೆ ನಮ್ಮ ದೇಶದಲ್ಲಿ ಒಂದು ಹೆಸರಿದೆ, ಅದು ಜಾತಿ. ಹುಟ್ಟನ್ನು ಕೇಳಬೇಡಿ, ಕಾಯಕವನ್ನು ನೋಡಿ ಎಂದು ಹನ್ನೆರಡನೆಯ ಶತಮಾನದಲ್ಲೇ ಶರಣರು ಜಗಳ ಕಾದ ನಾಡಿನವಳು ನಾನು. ಆ ಜಾತಿ 'ನೇಟಿವ್ ಸ್ಪೀಕರ್' ಎಂಬ ಹೊಸ ಹೆಸರು ಇಟ್ಟುಕೊಂಡು ಎದುರು ಬಂದು ನಿಂತಾಗ ನಾನು ಏನು ಮಾಡಿದೆ? ಜನಿವಾರ ಎರವಲು ಪಡೆದು ಹಾಕಿಕೊಂಡೆ. ಇಂಗ್ಲೆಂಡಿನವಳಾದೆ.

ಇದು ಒಂದು ಶಾಲೆಯ ಕತೆ ಎಂದು ತಿಳಿಯಬೇಡಿ. ದಕ್ಷಿಣ ಕೊರಿಯಾದಲ್ಲಿ ಇಂಗ್ಲಿಷ್ ಸಂಭಾಷಣೆ ಕಲಿಸಲು ವೀಸಾ ಕೊಡುವುದಕ್ಕೆ ಏಳು ದೇಶಗಳ ಪಟ್ಟಿಯೇ ಇದೆ: ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. 2010ರಲ್ಲಿ ಜಾರಿಗೆ ಬಂದ ವಾಣಿಜ್ಯ ಒಪ್ಪಂದದ ಮೂಲಕ ಭಾರತದವರಿಗೂ ಬಾಗಿಲು ಒಂದಿಷ್ಟು ತೆರೆಯಿತು. ಯಾವ ಹುದ್ದೆಗೆ ಅಂತೀರಿ? 'ಸಹಾಯಕ' ಶಿಕ್ಷಕರ ಹುದ್ದೆಗೆ.

ಇದರ ಬೇರು ಹಳೆಯದು. 1961ರಲ್ಲಿ ಉಗಾಂಡದ ಮಕೆರೆರೆಯಲ್ಲಿ ಕಾಮನ್‌ವೆಲ್ತ್ ದೇಶಗಳ ಒಂದು ಸಮ್ಮೇಳನ ನಡೆಯಿತು. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಹೇಗೆ ಕಲಿಸಬೇಕೆಂಬ ಚರ್ಚೆ ಅಲ್ಲಿ ಆಯಿತು. ಇಂಗ್ಲಿಷ್ ಮನೆಮಾತಾದವರೇ ಆದರ್ಶ ಶಿಕ್ಷಕರು ಎಂಬ ಭಾವನೆಗೆ ಅಲ್ಲಿಂದ ಬಲ ಬಂತು. ರಾಬರ್ಟ್ ಫಿಲಿಪ್ಸನ್ ಎಂಬ ಬ್ರಿಟಿಷ್ ವಿದ್ವಾಂಸರೇ 1992ರಲ್ಲಿ ಬರೆದ ಪುಸ್ತಕದಲ್ಲಿ ಇದೊಂದು ಭ್ರಮೆ ಎಂದು ತೋರಿಸಿದರು. ಇಂಗ್ಲಿಷ್ ಶಿಕ್ಷಕರ ದೊಡ್ಡ ಅಂತಾರಾಷ್ಟ್ರೀಯ ಸಂಘವಾದ ಟೆಸೋಲ್ 2006ರಲ್ಲಿ ಇಂಥ ತಾರತಮ್ಯ ಸಲ್ಲದೆಂದು ಹೇಳಿಕೆ ಹೊರಡಿಸಿತು. ಹೇಳಿಕೆ ಕಾಗದದ ಮೇಲಿದೆ. ಕೆಲಸ ಕೊಡುವವರು ಮಾತ್ರ ಮೊದಲು ಫೋಟೋ ಕೇಳುತ್ತಾರೆ.

ಈಗ ನೀವೇ ಹೇಳಿ, ಒಂದು ಭಾಷೆಯನ್ನು ಕಲಿಸಬೇಕಾದವರು ಯಾರು? ಆ ಭಾಷೆಯಲ್ಲಿ ಹುಟ್ಟಿದವರೇ? ಹಾಗಿದ್ದರೆ ಕನ್ನಡದಲ್ಲಿ ಹುಟ್ಟಿದ ನಾವೆಲ್ಲ ನಾಳೆಯೇ ಕನ್ನಡ ಪಂಡಿತರಾಗಬೇಕಿತ್ತು. 'ನನಗೆ' ಎನ್ನುತ್ತೇವೆ, ಆದರೆ 'ಮರಕ್ಕೆ' ಎನ್ನುತ್ತೇವೆ. ಒಂದು ಕಡೆ 'ಗೆ', ಇನ್ನೊಂದು ಕಡೆ 'ಕ್ಕೆ' ಯಾಕೆ ಎಂದು ಹೊರಗಿನವರು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಹೇಳಬಲ್ಲೆವು? ಈಜುವ ಮೀನು ಈಜು ಕಲಿಸಲಾರದು. ನೀರು ಕುಡಿದು, ಉಸಿರು ಕಟ್ಟಿ, ದಡ ಸೇರಿದವನಿಗೆ ಮಾತ್ರ ಕೈಕಾಲು ಎಲ್ಲಿ ಸೋಲುತ್ತದೆ ಎಂದು ಗೊತ್ತು.

ಥಾಯ್ ಮಕ್ಕಳಿಗೆ ಪದದ ಕೊನೆಯ 'ಸ್' ಬರುವುದಿಲ್ಲ. 'ಬಸ್' ಎಂದರೆ 'ಬತ್' ಎನ್ನುತ್ತಾರೆ, 'ಹೌಸ್' ಎಂದರೆ 'ಹೌತ್'. ಅವರ ಭಾಷೆಯಲ್ಲಿ ಪದದ ಕೊನೆಗೆ ಆ ಸ್ವರವೇ ಇಲ್ಲ. ನಮಗೋ ಪದದ ಕೊನೆಗೊಂದು ಉಕಾರ ಅಂಟಿಸದೆ ಸಮಾಧಾನವಿಲ್ಲ: ಬಸ್ಸು, ಕಾರು, ಪೆನ್ನು. ಅವರು ಬಾಲ ಕತ್ತರಿಸುವವರು, ನಾವು ಬಾಲ ಕಟ್ಟುವವರು. 'ಸ್ಕೂಲ್' ಎನ್ನಲು ಅವರು 'ಸಕೂಲ್' ಎಂದು ಒದ್ದಾಡುವಾಗ ನನಗೆ ನಮ್ಮೂರಿನ 'ಇಸ್ಕೂಲು' ನೆನಪಾಗುತ್ತಿತ್ತು. ಇಂಗ್ಲಿಷಿನ 'ಎ', 'ದಿ' ಗಳು ಕನ್ನಡದಲ್ಲೂ ಇಲ್ಲ, ಥಾಯ್ ಭಾಷೆಯಲ್ಲೂ ಇಲ್ಲ. ಅವರ ಕ್ರಿಯಾಪದ ನಿನ್ನೆಗೂ ನಾಳೆಗೂ ರೂಪ ಬದಲಿಸುವುದಿಲ್ಲ. ಮಗು 'ನಿನ್ನೆ ನಾನು ಗೋ' ಎಂದರೆ ಅದು ದಡ್ಡತನವಲ್ಲ, ಅದರ ಮನೆಮಾತಿನ ನ್ಯಾಯ. ಇಂಗ್ಲೆಂಡಿನ ಹುಡುಗನಿಗೆ ಇದು ತಪ್ಪಾಗಿ ಕೇಳಿಸುತ್ತಿತ್ತು. ನನಗೆ ದಾರಿಯಾಗಿ ಕಾಣಿಸುತ್ತಿತ್ತು, ಏಕೆಂದರೆ ಆ ದಾರಿಯಲ್ಲಿ ನಾನೂ ಎಡವಿ ಎಡವಿ ನಡೆದವಳು. ನಮ್ಮ ಐದನೆಯ ಕ್ಲಾಸಿನ ಮಾಸ್ತರರು 'ಫ್ಯಾನ್' ಹೇಳಿಸಲು ಕೆಳತುಟಿಯನ್ನು ಹಲ್ಲಿನಿಂದ ಕಚ್ಚಿ ಊದಿರೆಂದು ಮೂವತ್ತು ಮಕ್ಕಳಿಂದ ಊದಿಸುತ್ತಿದ್ದರು. ನಾನು ಬ್ಯಾಂಕಾಕಿನಲ್ಲಿ ಮಕ್ಕಳಿಂದ ಹಾವಿನ ಹಾಗೆ ಬುಸುಗುಟ್ಟಿಸಿದೆ. ಒಂದು ತಿಂಗಳಲ್ಲಿ 'ಬತ್' ಹೋಗಿ 'ಬಸ್' ಬಂತು. ಬಾಯಿ ತೆರೆಯಲು ಅಂಜುತ್ತಿದ್ದ ಮಕ್ಕಳು ನನ್ನ ಹತ್ತಿರ ಬಂದು ಮಾತಾಡತೊಡಗಿದರು.

ನಮ್ಮಲ್ಲಿ ಕುಂದಿಲ್ಲವೆಂದು ನಾನು ಹೇಳುವುದಿಲ್ಲ. ನಾವು ಉರು ಹೊಡೆಸುತ್ತೇವೆ. ಮಕ್ಕಳಿಗಿಂತ ಹೆಚ್ಚು ನಾವೇ ಮಾತಾಡುತ್ತೇವೆ. ನಮ್ಮ ವೇಗದ ಇಂಗ್ಲಿಷು ಹೊರಗಿನ ಮಕ್ಕಳಿಗೆ ತಿಳಿಯದೆ ಹೋಗುವುದುಂಟು. ಹಾಗೆಯೇ ಇಂಗ್ಲೆಂಡಿನಿಂದ ಬಂದವರಲ್ಲೂ ತರಬೇತಿ ಪಡೆದು, ಜೀವ ತೇದು ಕಲಿಸುವವರನ್ನು ನಾನು ಕಂಡಿದ್ದೇನೆ. ಪರೀಕ್ಷೆ ಇಡಲಿ, ತರಗತಿಯಲ್ಲಿ ಬಂದು ಕುಳಿತು ನೋಡಲಿ. ಎಲ್ಲರಿಗೂ ಒಂದೇ ಪರೀಕ್ಷೆ, ಎಲ್ಲರಿಗೂ ಒಂದೇ ಅಳತೆ, ಎಲ್ಲರಿಗೂ ಒಂದೇ ಸಂಬಳ. ಇದು ಬಿಟ್ಟು ನಾನು ಬೇರೇನೂ ಕೇಳುತ್ತಿಲ್ಲ.

ಮತ್ತೆ, ಆ ಮಕ್ಕಳಿಗೆ ಯಾರ ಇಂಗ್ಲಿಷು ಬೇಕು? ಥಾಯ್ಲೆಂಡ್ ಸೇರಿದಂತೆ ಆಗ್ನೇಯ ಏಷ್ಯದ ದೇಶಗಳ ಒಕ್ಕೂಟ, ಆಸಿಯಾನ್, 2008ರಲ್ಲಿ ಜಾರಿಗೆ ಬಂದ ತನ್ನ ಸನ್ನದಿನಲ್ಲಿ ಇಂಗ್ಲಿಷನ್ನು ವ್ಯವಹಾರದ ಭಾಷೆ ಎಂದು ಬರೆದುಕೊಂಡಿತು. ಥಾಯ್ ಹುಡುಗಿ ದೊಡ್ಡವಳಾಗಿ ವಿಯೆಟ್ನಾಮಿನವನ ಜೊತೆ, ಮಲೇಷ್ಯದವಳ ಜೊತೆ, ಸಿಂಗಪುರದ ತಮಿಳನ ಜೊತೆ ಇಂಗ್ಲಿಷಿನಲ್ಲಿ ಮಾತಾಡಬೇಕು. ಅಲ್ಲಿ ಯಾರ ಮನೆಯಲ್ಲೂ ಲಂಡನ್ನಿನ ಉಚ್ಚಾರವಿಲ್ಲ. ಆದರೆ ಕಲಿಸುವುದಕ್ಕೆ ಮಾತ್ರ ಲಂಡನ್ನಿನವರೇ ಬೇಕು!

ಈ ಸುಳ್ಳು ಹೇಳಿದವರಲ್ಲಿ ನಾನು ಮೊದಲಿನವಳಲ್ಲ ಎಂದು ಆಮೇಲೆ ಓದಿ ತಿಳಿದೆ. ಆ ದೇಶದ ಅತ್ಯಂತ ಪ್ರಸಿದ್ಧ ಇಂಗ್ಲಿಷ್ ಟೀಚರು ಆನಾ ಲಿಯೊನೊವೆನ್ಸ್. 1862ರಲ್ಲಿ ರಾಜ ಮೊಂಗ್‌ಕುಟ್ ತನ್ನ ಅರಮನೆಯ ಹೆಂಗಸರು ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಅವಳನ್ನು ಕರೆಸಿಕೊಂಡ. ಅವಳ ಕತೆಯಿಂದ ನಾಟಕವಾಯಿತು, 1956ರಲ್ಲಿ 'ದಿ ಕಿಂಗ್ ಅಂಡ್ ಐ' ಎಂಬ ಸಿನಿಮಾ ಆಯಿತು. ತಮ್ಮ ರಾಜನನ್ನು ತಪ್ಪಾಗಿ ತೋರಿಸಿದ್ದಾರೆಂದು ಥಾಯ್ಲೆಂಡಿನಲ್ಲಿ ಆ ಸಿನಿಮಾಕ್ಕೆ ನಿಷೇಧ ಬಿತ್ತು. ತಾನು ವೇಲ್ಸಿನಲ್ಲಿ ಹುಟ್ಟಿದವಳು, ತಂದೆ ಸೈನ್ಯದ ಕ್ಯಾಪ್ಟನ್ ಎಂದು ಅವಳು ಜೀವಮಾನವಿಡೀ ಹೇಳಿಕೊಂಡಳು. 1870ರಲ್ಲಿ ಪುಸ್ತಕ ಬರೆದಾಗ ಹೆಸರಿನಲ್ಲೇ ತನ್ನನ್ನು 'ಇಂಗ್ಲಿಷ್ ಗವರ್ನೆಸ್' ಎಂದು ಕರೆದುಕೊಂಡಳು. ಅವಳು ಸತ್ತದ್ದು 1915ರಲ್ಲಿ. ಆರು ದಶಕ ಕಳೆದ ಮೇಲೆ ಸಂಶೋಧಕರು ಹಳೆಯ ದಾಖಲೆ ಕೆದಕಿದಾಗ ನಿಜ ಹೊರಗೆ ಬಂತು. ಅವಳು ಹುಟ್ಟಿದ್ದು 1831ರಲ್ಲಿ, ಮಹಾರಾಷ್ಟ್ರದ ಅಹ್ಮದ್‌ನಗರದಲ್ಲಿ. ಊರಿಗೆ ಈಗ ಅಹಿಲ್ಯಾನಗರ ಎಂದು ಹೆಸರು. ತಂದೆ ಕ್ಯಾಪ್ಟನ್ ಅಲ್ಲ, ಸಾಧಾರಣ ಸಾರ್ಜೆಂಟ್. ಮದುವೆಯಾದದ್ದು ಪುಣೆಯಲ್ಲಿ. ಅಜ್ಜಿಯ ಕಡೆಯಿಂದ ಭಾರತೀಯ ರಕ್ತವೂ ಇದ್ದಿರಬಹುದು ಎನ್ನುತ್ತಾರೆ.

ಇದನ್ನು ಓದಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತೆ. ಇಂಗ್ಲಿಷು ಅವಳ ಮನೆಮಾತೇ ಆಗಿತ್ತು. ಆದರೂ ಭಾರತದಲ್ಲಿ ಹುಟ್ಟಿದೆ ಎಂದು ಹೇಳುವ ಧೈರ್ಯ ಅವಳಿಗಿರಲಿಲ್ಲ. ಅಂದ ಮೇಲೆ ಇದು ಭಾಷೆಯ ಪ್ರಶ್ನೆಯೇ ಅಲ್ಲ. ಭಾಷೆಯ ಸೆರಗಿನಲ್ಲಿ ಮುಚ್ಚಿಟ್ಟ ಹುಟ್ಟಿನ ಪ್ರಶ್ನೆ. ಗಂಡ ಸತ್ತು, ಮಕ್ಕಳನ್ನು ಸಾಕಬೇಕಾದ ಆ ಹೆಂಗಸಿನ ಸುಳ್ಳನ್ನು ನಾನು ಕ್ಷಮಿಸಬಲ್ಲೆ. ನನ್ನ ಸುಳ್ಳಿಗೆ ಅಷ್ಟು ಬಲವಾದ ಕಾರಣವೂ ಇರಲಿಲ್ಲ.

ನನ್ನ ಸುಳ್ಳು ಮುರಿದದ್ದು ಒಂದು ಹೂವಿನಿಂದ. ಥಾಯ್ಲೆಂಡಿನ ಶಾಲೆಗಳಲ್ಲಿ ವರ್ಷದ ಆರಂಭದಲ್ಲಿ, ಸಾಮಾನ್ಯವಾಗಿ ಜೂನಿನ ಒಂದು ಗುರುವಾರ, 'ವೈ ಕ್ರು' ಎಂಬ ಗುರುವಂದನೆ ನಡೆಯುತ್ತದೆ. ಕ್ರು ಎಂದರೆ ನಮ್ಮ ಗುರುವೇ. ಅವರ ಶಿಕ್ಷಕರ ಮಂಡಳಿಯ ಹೆಸರು ಖುರುಸಪಾ, ಅಂದರೆ ಗುರುಸಭೆ. ಮಕ್ಕಳು ಮೊಣಕಾಲೂರಿ ಬಂದು ಹೂವಿನ ತಟ್ಟೆ ಅರ್ಪಿಸಿ ನಮಸ್ಕರಿಸುತ್ತಾರೆ. ತಟ್ಟೆಯಲ್ಲಿ ಏನಿರುತ್ತದೆ ಗೊತ್ತೇ? ಗರಿಕೆ: ತುಳಿದರೂ ಮತ್ತೆ ಚಿಗುರುವ ಹಾಗೆ ಕಲಿಕೆ ಇರಲಿ ಎಂದು. ಬದನೆಯ ಹೂವು: ಅದು ತಲೆ ತಗ್ಗಿಸಿಕೊಂಡಿರುತ್ತದೆ, ವಿನಯಕ್ಕೆ. ಮತ್ತೆ ಕೇಪಳದ ಹೂವು: ಅದರ ಮೊಗ್ಗು ಸೂಜಿಯ ಹಾಗೆ ಚೂಪು, ಬುದ್ಧಿಯೂ ಹಾಗೇ ಇರಲಿ ಎಂದು.

ಕೇಪಳ! ನಮ್ಮ ಮನೆಯ ಹಿಂದಿನ ಗುಡ್ಡದ ಕೇಪಳ. ಶಾಲೆಯಿಂದ ಬರುವಾಗ ಗೊಂಚಲು ಗೊಂಚಲು ಕಿತ್ತು, ಹೂವಿನ ತೊಟ್ಟು ಹೀರಿ, ಹಣ್ಣು ತಿಂದು ಬೆಳೆದ ಕೇಪಳ. ನನಗೆ ತಟ್ಟೆ ಕೊಟ್ಟ ಹುಡುಗಿ ತಲೆಯೆತ್ತಿ ಇಂಗ್ಲಿಷಿನಲ್ಲಿ ಕೇಳಿದಳು: "ಟೀಚರ್, ಈ ಹೂವು ಇಂಗ್ಲೆಂಡಿನಲ್ಲಿ ಇದೆಯಾ?" ವಾಕ್ಯ ತಪ್ಪಿಲ್ಲದೆ ಬಂತು, ಕೊನೆಯ ಅಕ್ಷರದವರೆಗೆ. ಕಲಿಸಿದವಳು ನಾನೇ. ನಾನು ಸುತ್ತ ನೋಡಿದೆ. ಮೇಲ್ವಿಚಾರಕಿ ನೋಡುತ್ತಿದ್ದರು. "ಇಲ್ಲ ಮಗೂ, ಅಲ್ಲಿ ಇಲ್ಲ. ನಾನು ಇದನ್ನು ಇಲ್ಲಿಯೇ ನೋಡಿದ್ದು" ಎಂದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಅರ್ಧ ಸಂಬಳ ನನ್ನ ಮೇಲೆ ನಡೆದ ಅನ್ಯಾಯ. ಈ ಮಾತು ನಾನೇ ಮಾಡಿದ್ದು. ಗುರುವೆಂದು ಕಾಲಿಗೆ ಬಿದ್ದ ಮಗುವಿಗೆ ನಾನು ನನ್ನ ಮನೆಯ ಹೂವನ್ನೇ ಇಲ್ಲವೆಂದೆ.

ಮರುದಿನ ತರಗತಿಗೆ ಗ್ಲೋಬು ತೆಗೆದುಕೊಂಡು ಹೋದೆ. ನಾನು ಎಲ್ಲಿಯವಳೆಂದು ತೋರಿಸಿದೆ. ನನ್ನ ಊರಿನಲ್ಲಿ ಮಾತಾಡುವುದು ಕನ್ನಡ, ಇಂಗ್ಲಿಷನ್ನು ನಾನೂ ನಿಮ್ಮ ಹಾಗೆ ಶಾಲೆಯಲ್ಲಿ ಕಲಿತೆ, ಕೇಪಳ ನಮ್ಮ ಅಂಗಳದಲ್ಲೂ ಇದೆ, ನಿನ್ನೆ ನಾನು ಸುಳ್ಳು ಹೇಳಿದೆ ಎಂದೆ. ಮಕ್ಕಳು ಬೈಯಲಿಲ್ಲ. "ಹಾಗಾದರೆ ನಾವೂ ಟೀಚರ್ ಹಾಗೆ ಮಾತಾಡಬಹುದಾ?" ಎಂದು ಒಬ್ಬ ಕೇಳಿದ. ಇಂಗ್ಲೆಂಡಿನಿಂದ ಬಂದ ಯಾವ ಟೀಚರೂ ಆ ಪ್ರಶ್ನೆಗೆ ಹೌದು ಎಂಬ ಸಾಕ್ಷಿಯಾಗಿ ನಿಲ್ಲಲಾರರು. ನಾನು ನಿಲ್ಲಬಲ್ಲೆ.

ಪೋಷಕರು ದೂರು ಕೊಟ್ಟರು. ಅವಧಿ ಮುಗಿದ ಮೇಲೆ ನನ್ನ ಕರಾರನ್ನು ಮುಂದುವರಿಸಲಿಲ್ಲ. ಇನ್ನೊಂದು ಶಾಲೆಗೆ ಪುತ್ತೂರಿನವಳಾಗಿಯೇ ಸೇರಿ, 2009ರಲ್ಲಿ ಊರಿಗೆ ಬರುವ ತನಕ ಕಲಿಸಿದೆ. ಸಂಬಳ ಅಲ್ಲೂ ಕಡಿಮೆಯೇ. ಥಾಯ್ ಮಾತಿನಲ್ಲಿ ಬಿಳಿಯರಿಗೆ 'ಫರಂಗ್' ಎನ್ನುತ್ತಾರೆ. ನಮ್ಮಂಥವರಿಗೆ 'ಖೇಕ್', ಅಂದರೆ ಅತಿಥಿ. ಅತಿಥಿಗೆ ಅರ್ಧ ಊಟ ಬಡಿಸುವ ಪದ್ಧತಿ ನಮ್ಮಲ್ಲಿಲ್ಲ ಎಂದು ಗೊಣಗಿಕೊಳ್ಳುತ್ತಿದ್ದೆ.

ಹಾಗೆ ಗೊಣಗುವ ಅಧಿಕಾರ ನನಗೆ ಪೂರ್ತಿ ಇರಲಿಲ್ಲ. ಮೊದಲ ಶಾಲೆಯಲ್ಲಿ ನನ್ನ ಜೊತೆ ಫಿಲಿಪ್ಪೀನ್ಸಿನ ಒಬ್ಬಾಕೆ ಇದ್ದಳು. ಅವಳಿಗೆ 16,000. ನನಗಿಂತ ಎರಡು ಸಾವಿರ ಕಡಿಮೆ. ಅವಳಿಗಿಂತ ನನ್ನ ಇಂಗ್ಲಿಷು ಮೇಲು, ಆದ್ದರಿಂದ ಸರಿಯೇ ಎಂದು ನಾನು ಒಳಗೊಳಗೇ ಅಂದುಕೊಂಡಿದ್ದೆ. ಜಾತಿ ಬದುಕುವುದೇ ಹೀಗಲ್ಲವೇ? ಪ್ರತಿಯೊಬ್ಬರಿಗೂ ಕೆಳಗೆ ನೋಡಲು ಇನ್ನೊಬ್ಬರನ್ನು ಕೊಟ್ಟುಬಿಡುತ್ತದೆ. ನಾವಿಬ್ಬರೂ ಒಟ್ಟಿಗೆ ಹೋಗಿ ಕೇಳಿದ್ದರೆ ಏನಾಗುತ್ತಿತ್ತೋ. ಕೇಳಲಿಲ್ಲ.

ಈಗ ಊರಿಗೆ ಬನ್ನಿ. ಮೊನ್ನೆ ನಮ್ಮ ನೆಂಟರ ಮನೆಯ ಹೆಂಗಸೊಬ್ಬರು ನನಗೆ ಫೋನ್ ಮಾಡಿದರು. ಮೊಮ್ಮಗಳಿಗೆ ಮೊಬೈಲಿನಲ್ಲಿ ಇಂಗ್ಲಿಷ್ ಕ್ಲಾಸು ಹಾಕಿಸಬೇಕಂತೆ. "ಅಕ್ಕಾ, ನಿಮಗೆ ಯಾರಾದರೂ ಫಾರಿನ್ನಿನವರು ಗೊತ್ತುಂಟಾ? ಆ್ಯಕ್ಸೆಂಟ್ ಬರಬೇಕಲ್ಲ!" ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದ ನಾನು ಫೋನಿನ ಈ ತುದಿಯಲ್ಲಿ ಇದ್ದೇನೆ. ನಾನು ಅವರ ಲೆಕ್ಕಕ್ಕೇ ಬರಲಿಲ್ಲ!

ನಮ್ಮ ಪೇಟೆಗಳ ಇಂಗ್ಲಿಷ್ ಮೀಡಿಯಂ ಶಾಲೆಗಳಲ್ಲಿ ಬೆಳಿಗ್ಗೆಯಿಂದ ಸಂಜೆ ತನಕ ಗಂಟಲು ಹರಿದುಕೊಳ್ಳುವವರು ಯಾರು? ನಮ್ಮ ನಿಮ್ಮ ಮನೆಯ ಸೊಸೆಯರು, ಹೆಣ್ಣುಮಕ್ಕಳು. ಅವರಲ್ಲಿ ಎಷ್ಟೋ ಮಂದಿ ರಿಜಿಸ್ಟರಿನಲ್ಲಿ ಒಂದು ಅಂಕಿಗೆ ಸಹಿ ಹಾಕಿ ಕೈಗೆ ಇನ್ನೊಂದು ಅಂಕಿ ಪಡೆಯುತ್ತಾರೆ. "ಮನೆಯಲ್ಲಿ ಕುಳಿತು ಏನು ಮಾಡುತ್ತೀ, ಟೈಂಪಾಸ್ ಆಗುತ್ತದಲ್ಲ" ಎಂದು ಹೇಳುವವರೂ ನಾವೇ. ಅದೇ ಶಾಲೆಯ ಫೀಸು ಹೆಚ್ಚಾದಾಗ ಗೊಣಗುತ್ತೇವೆ. ಟೀಚರಮ್ಮನ ಸಂಬಳ ಎಷ್ಟೆಂದು ಒಂದು ದಿನವೂ ಕೇಳುವುದಿಲ್ಲ. ಕನ್ನಡ ಶಾಲೆಯಿಂದ ಬಂದ ಟೀಚರು ಎಂದರೆ ಮೂಗು ಮುರಿಯುತ್ತೇವೆ. ಬ್ಯಾಂಕಾಕಿನ ಪೋಷಕರು ನನಗೆ ಮಾಡಿದ್ದಕ್ಕೂ ನಾವು ಇಲ್ಲಿ ಮಾಡುತ್ತಿರುವುದಕ್ಕೂ ಏನು ವ್ಯತ್ಯಾಸ? ಅವರು ಪರದೇಶದವಳಿಗೆ ಮಾಡಿದರು. ನಾವು ಮನೆಯವರಿಗೇ ಮಾಡುತ್ತಿದ್ದೇವೆ.

ನಿಮ್ಮ ಮಗಳೋ ಸೊಸೆಯೋ ಗಂಡನ ಹಿಂದೆ ಪರದೇಶಕ್ಕೆ ಹೋಗಿ ಇಂಗ್ಲಿಷ್ ಕಲಿಸುವ ಕೆಲಸ ಹುಡುಕುವ ದಿನ ಬರಬಹುದು. ಅವಳಿಗೆ ಮೂರು ಮಾತು ಹೇಳಿ ಕಳಿಸಿ. ಕರಾರಿನ ಕಾಗದವನ್ನು ಪೂರ್ತಿ ಓದಿ ಸಹಿ ಹಾಕು. ಪಕ್ಕದ ಮೇಜಿನವರ ಸಂಬಳ ಎಷ್ಟೆಂದು ನಾಚದೆ ಕೇಳು. ನಿನಗಿಂತ ಕಡಿಮೆ ಪಡೆಯುವವಳನ್ನೂ ಕೇಳು. ಎಲ್ಲಿಯವಳು ಎಂದರೆ ಊರಿನ ಹೆಸರು ಹೇಳು.

ಅವಳು ಹೋಗುವ ಮೊದಲು ನಾವೂ ಒಂದು ಕೆಲಸ ಮಾಡಬಹುದು. ಬರುವ ಜೂನಿನಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸುವಾಗ, ಕಟ್ಟಡ ನೋಡಿ, ಬಸ್ಸು ನೋಡಿ, ಯೂನಿಫಾರ್ಮಿನ ಬಣ್ಣ ನೋಡಿ ಆದ ಮೇಲೆ, ಆಫೀಸಿನಲ್ಲಿ ಕುಳಿತು ಕೇಳಿ: ನಿಮ್ಮ ಇಂಗ್ಲಿಷ್ ಟೀಚರಿಗೆ ಎಷ್ಟು ಕೊಡುತ್ತೀರಿ? ಅವರ ಮುಖ ಕೆಂಪಾಗಲಿ. ನಾನು ಕೇಳಬೇಕಾದಲ್ಲಿ ಕೇಳದೆ ಏಳು ತಿಂಗಳು ಇಂಗ್ಲೆಂಡಿನವಳಾಗಿದ್ದೆ. ನೀವಾದರೂ ಕೇಳಿ.